ಹೊತ್ತು ತಂದವರು

ಕಿರಿಯ: ಗುರುಗಳೇ, ಒಂದು ವಸ್ತುವನ್ನೋ ಒಂದು ವಿಚಾರವನ್ನೋ ಮನಸಾರೆ ಮೆಚ್ಚಿ, ಮೆಚ್ಚಿದಷ್ಟಕ್ಕೆ ಸುಮ್ಮನಿರಲಾರದೆ, ಕಂಡಕಂಡವರಿಗೆಲ್ಲ ಅದರ ಗುಣವನ್ನು ಬಣ್ಣಿಸಿ, ಅವರೂ ಅದನ್ನು ಕೈಗೆತ್ತಿಕೊಳ್ಳುವವರೆಗೆ ಬೆನ್ನುಬಿಡದ ಮನುಷ್ಯನಿಗೆ ನಮ್ಮಲ್ಲಿ ಗೌರವದ ಹೆಸರೊಂದು ಇದೆಯೆ? ಹೊಗಳುಭಟ್ಟನೆಂದರೆ ಬೈದಂತಾಗುತ್ತದೆ; ಪ್ರಚಾರಕನೆಂದರೆ ಚುನಾವಣೆಯ ಗೋಡೆಬರಹ ಕಣ್ಣಮುಂದೆ ಬರುತ್ತದೆ; ವಂದಿಮಾಗಧನೆಂದರೆ ಅರಸನ ಬಾಗಿಲಲ್ಲಿ ನಿಂತು ಸಂಬಳಕ್ಕೆ ಬಿರುದು ಹೇಳುವವನು.

ಹಿರಿಯರು: ಕವಿ ರಾಜರತ್ನಂ ಅವರನ್ನು ಕನ್ನಡಿಗರು ಸಾಹಿತ್ಯ ಪರಿಚಾರಕರೆಂದು ಕರೆದರು, ನನ್ನ ಮಟ್ಟಿಗೆ ಆ ಹೆಸರು ಸಾಕು. ಆದರೆ ಹೆಸರಿನ ಚರ್ಚೆಗೆ ಮೊದಲು ಅಂಥವರು ಮಾಡಿದ್ದೇನು ಎಂಬುದನ್ನು ನೋಡಬೇಕಪ್ಪ. ನಮ್ಮ ಹಾವೇರಿಯ ಸೀಮೆಯಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವೆಡೆಯಲ್ಲಿ ಗಳಗನಾಥವೆಂಬ ಊರಿದೆ. ಅಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು, ಕನ್ನಡ ಶಾಲೆಯ ಮಾಸ್ತರಿಕೆ ಮಾಡುತ್ತ, 1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ಯನ್ನು ಹೊರತಂದು, ತರುವಾಯ ಕಾದಂಬರಿಯ ಮೇಲೆ ಕಾದಂಬರಿಯನ್ನು ಬರೆದು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯ ಸಂಪಾದಕತ್ವವನ್ನು ವಹಿಸಿ, ಇಷ್ಟಕ್ಕೂ ತೃಪ್ತರಾಗದೆ, ಅಚ್ಚಾದ ಪುಸ್ತಕಗಳನ್ನು ಗಂಟುಕಟ್ಟಿ ತಲೆಯ ಮೇಲೆ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ನೀನು ಕೇಳಿದ ಮನುಷ್ಯ ಎಂಥವನೆಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಆ ಗಂಟು ಹೊತ್ತ ತಲೆ.

ಕಿರಿಯ: ತಮ್ಮ ಮಾತಿಗೆ ಅಡ್ಡ ಬರುತ್ತಿದ್ದೇನೆಂದು ತಿಳಿಯಬಾರದು. ಆದರೆ ಗಳಗನಾಥರು ಹೊತ್ತದ್ದು ತಮ್ಮವೇ ಪುಸ್ತಕಗಳನ್ನಲ್ಲವೆ? ತನ್ನ ಹೊಲದ ಬೆಳೆಯನ್ನು ಸಂತೆಗೆ ಒಯ್ಯುವ ರೈತನನ್ನು ನಾವು ಶ್ರಮಜೀವಿಯೆನ್ನುತ್ತೇವೆಯೇ ಹೊರತು ಪರಿಚಾರಕನೆನ್ನುವುದಿಲ್ಲ. ನಾನು ದಿನವೂ ಪುಸ್ತಕದ ಅಂಗಡಿಯಲ್ಲಿ ಕೂಡುವವನು. ತಮ್ಮ ಕೃತಿಯನ್ನು ತಾವೇ ಕೊಂಡಾಡಿಕೊಳ್ಳುವ ಲೇಖಕರನ್ನು ನೋಡಿ ನೋಡಿ ನನಗೆ ಈ ಉತ್ಸಾಹದ ವಿಷಯದಲ್ಲಿ ಸಂಶಯ ಬಂದುಬಿಟ್ಟಿದೆ.

ಹಿರಿಯರು: ರೈತನು ಜೋಳ ಒಯ್ಯುವ ಸಂತೆಯಲ್ಲಿ ಜೋಳ ಉಣ್ಣುವ ಜನ ಮೊದಲೇ ಇರುತ್ತಾರೆ. ಗಳಗನಾಥರು ಹೋದ ಊರುಗಳಲ್ಲಿ ಕನ್ನಡ ಕಾದಂಬರಿಯನ್ನು ರೊಕ್ಕ ಕೊಟ್ಟು ಕೊಳ್ಳುವ ಜನವೇ ಇರಲಿಲ್ಲ. ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆದು ನೋಡು. ಮುಂಬಯಿ ಇಲಾಖೆಗೆ ಸೇರಿದ ನಮ್ಮ ಜಿಲ್ಲೆಗಳಲ್ಲಿ ಕಚೇರಿಯ ಕಾಗದವೂ ಶಾಲೆಯ ಪಾಠವೂ ಬಹುಕಾಲ ಮರಾಠಿಯಲ್ಲಿ ನಡೆದುವು. ವಿದ್ಯಾ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ, ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಶಾಲೆಯಲ್ಲಿಯೂ ಕನ್ನಡವೇ ಸಲ್ಲಬೇಕೆಂದು ಹೋರಾಡಿ, ಕನ್ನಡ ಶಾಲೆಗಳನ್ನು ನೆಲೆಗೊಳಿಸಿ, ಐವತ್ತು ವರುಷವೂ ತುಂಬದೆ 1881ರಲ್ಲಿ ತೀರಿಕೊಂಡರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಮೊದಲಾದವರ ಯತ್ನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಅಂದರೆ, ಕನ್ನಡ ಅಕ್ಷರ ಬಲ್ಲ ಒಂದು ಪೀಳಿಗೆ ಆಗತಾನೇ ಕಣ್ಣುಬಿಡುತ್ತಿದ್ದ ಹೊತ್ತು ಅದು. ಅಕ್ಷರ ಬಂದಿತ್ತು, ಓದುವ ರೂಢಿ ಬಂದಿರಲಿಲ್ಲ. ಪುರಾಣವನ್ನು ಗುಡಿಯಲ್ಲಿ ಕೂತು ಕೇಳುವುದು ಗೊತ್ತಿತ್ತು, ಮನೆಯಲ್ಲಿ ಕೂತು ಒಬ್ಬರೇ ಕಥೆ ಓದುವುದು ಗೊತ್ತಿರಲಿಲ್ಲ. ಅಂಥ ಕಾಲದಲ್ಲಿ ಗ್ರಂಥಕರ್ತನೆಂಬವನು ಗ್ರಂಥವನ್ನು ಮಾತ್ರ ನಿರ್ಮಿಸಿದರೆ ಸಾಲದು, ಗ್ರಂಥವನ್ನು ಓದತಕ್ಕವರನ್ನೂ ತಾನೇ ನಿರ್ಮಿಸಬೇಕು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದು ಮಾಡಿದ ಕೆಲಸವನ್ನು ಇತ್ತ ಗಳಗನಾಥರು ಮರಾಠಿಯಿಂದ ಹರಿ ನಾರಾಯಣ ಆಪಟೆಯವರನ್ನು ತಂದೂ, ತಾವೇ ಸ್ವತಂತ್ರವಾಗಿ ಬರೆದೂ ಮಾಡಿದರು. ಅದರ ಮೇಲೆ ಈ ಕಾಲ್ನಡಿಗೆ.

ಕಿರಿಯ: ಓದುವವರು ನಿರ್ಮಾಣವಾದರೆಂಬುದಕ್ಕೆ ಏನು ಸಾಕ್ಷಿ? ಹೊಟ್ಟೆಪಾಡಿಗಾಗಿ ಬಂದ ಬಡ ಮಾಸ್ತರನನ್ನು ಕಂಡು ಮರುಗಿ, ಒಂದು ಪ್ರತಿಯನ್ನು ಕೊಂಡು ಮಾಡದಲ್ಲಿಟ್ಟು ಮರೆತವರೇ ಹೆಚ್ಚಾಗಿರಬಹುದು.

ಹಿರಿಯರು: ನಮ್ಮ ಮನೆಯ ಒಂದು ಪ್ರತಿಯ ವಿಷಯವನ್ನಷ್ಟೆ ನಾನು ಹೇಳಬಲ್ಲೆ. ‘ಮಾಧವ ಕರುಣಾವಿಲಾಸ’, 1923ರಲ್ಲಿ ಬಂದ ಪುಸ್ತಕ, ವಿಜಯನಗರದ ಸ್ಥಾಪನೆಯ ಕಥೆ. ಅದು ನಮ್ಮ ಮನೆಗೆ ಹೇಗೆ ಬಂತೆಂದು ಬಲ್ಲವರು ನಾನು ದೊಡ್ಡವನಾಗುವ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ರಟ್ಟು ಕಿತ್ತುಹೋಗಿ, ಹಳೆಯ ಸೀರೆಯ ಅಂಚಿನಿಂದ ಬೆನ್ನು ಹೊಲಿದಿದ್ದರು. ಪುಟಗಳ ಕೆಳತುದಿಯೆಲ್ಲ ಬೆರಳಿನ ಎಣ್ಣೆಗೆ ಕಂದಿ ಪಾರದರ್ಶಕವಾಗಿತ್ತು. ಅದಕ್ಕಿಂತ ಮುಖ್ಯವಾದದ್ದು, ಕೆಲವು ಪುಟಗಳ ಅಂಚಿನಲ್ಲಿ ಸೀಸದ ಕಡ್ಡಿಯ ಸಣ್ಣ ಗೀಟುಗಳಿದ್ದುವು. ಇವೇನೆಂದು ನಾನು ಅಜ್ಜಿಯನ್ನು ಕೇಳಿದಾಗ ಆಕೆ, ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕಂದೀಲು ಇಟ್ಟುಕೊಂಡು ಒಬ್ಬರು ಓದುತ್ತಿದ್ದರೆಂದೂ, ಓಣಿಯ ಹೆಂಗಸರು ಗಂಡಸರು ಬಂದು ಕೇಳುತ್ತಿದ್ದರೆಂದೂ, ಅಂದಿನ ಓದು ಎಲ್ಲಿಗೆ ನಿಂತಿತೋ ಅಲ್ಲಿಗೆ ಗೀಟು ಎಳೆಯುತ್ತಿದ್ದರೆಂದೂ, ಮರುದಿನ ನೀರಿಗೆ ಹೋದಾಗ ಮುಂದೇನಾಯಿತೆಂಬುದೇ ಮಾತೆಂದೂ ಹೇಳಿದಳು. ಆಕೆಗೆ ಓದು ಬಾರದು. ಆದರೆ ವಿದ್ಯಾರಣ್ಯರ ಕಥೆಯನ್ನು ಪ್ರಕರಣ ಪ್ರಕರಣವಾಗಿ ಹೇಳಬಲ್ಲವಳಾಗಿದ್ದಳು. ಅಕ್ಷರ ಬಾರದವರೂ ಕಾದಂಬರಿಯ ಓದುಗರಾದ ಈ ಸೋಜಿಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದಕಾರಣ ಮಾಡದಲ್ಲಿಟ್ಟು ಮರೆತರೆಂಬ ನಿನ್ನ ಮಾತನ್ನು ಒಪ್ಪಲಾರೆ.

ಕಿರಿಯ: ತಮ್ಮ ಅಜ್ಜಿಯವರ ಸಾಕ್ಷ್ಯವನ್ನು ನಾನು ಅಲ್ಲಗಳೆಯಲಾರೆ. ಆದರೂ ನನ್ನ ಶಂಕೆಯ ಬೇರು ಬೇರೆ ಕಡೆ ಇದೆ. ಮೆಚ್ಚುಗೆಯು ಅತಿಯಾದಲ್ಲಿ ವಿವೇಕವು ಉಳಿಯುವುದಿಲ್ಲ. ಇಂದು ಪುಸ್ತಕ ಬಿಡುಗಡೆಯ ಸಭೆಗೆ ಹೋದರೆ ಬಿಡುಗಡೆಯಾದ ಪ್ರತಿಯೊಂದು ಕೃತಿಯೂ ಕನ್ನಡಕ್ಕೆ ಅಪೂರ್ವ ಕೊಡುಗೆಯೇ ಆಗಿರುತ್ತದೆ. ಆಡಿದವರ ಉತ್ಸಾಹ ನಿಜವಾದದ್ದೇ ಇರಬಹುದು. ಆದರೆ ಆ ಮಾತು ನಂಬಿ ಕೊಂಡವನು ಎರಡು ಸಲ ಮೋಸಹೋದರೆ ಮೂರನೆಯ ಸಲ ಒಳ್ಳೆಯ ಪುಸ್ತಕವನ್ನೂ ಮುಟ್ಟುವುದಿಲ್ಲ. ಅದರ ಫಲವನ್ನು ನನ್ನ ಅಂಗಡಿಯಲ್ಲಿ ನಾನು ಉಣ್ಣುತ್ತಿದ್ದೇನೆ.

ಹಿರಿಯರು: ಈಗ ನೀನು ಮರ್ಮದ ಮಾತಿಗೆ ಬಂದೆ. ವೇದಿಕೆಯಿಂದ ಹೊಗಳುವವನಿಗೂ ಗಂಟು ಹೊತ್ತು ಬರುವವನಿಗೂ ಇರುವ ಅಂತರ ಅಲ್ಲಿಯೇ ಇದೆ. ವೇದಿಕೆಯವನು ತನ್ನ ಮಾತನ್ನು ನಂಬಿದವನ ಮುಖವನ್ನು ಮತ್ತೆ ನೋಡಬೇಕಾಗಿಲ್ಲ. ಗಂಟಿನವನು ಬರುವ ವರುಷ ಅದೇ ದಾರಿಯಲ್ಲಿ ಅದೇ ಕಟ್ಟೆಗೆ ಬರತಕ್ಕವನು. ಹೋದ ವರುಷ ಕೊಟ್ಟ ಪುಸ್ತಕ ಹೇಗಿತ್ತೆಂದು ಕೇಳುವ ಹಕ್ಕು ಆ ಮನೆಯವರಿಗೆ ಇರುತ್ತದೆ, ಉತ್ತರ ಕೊಡುವ ಹೊಣೆ ಇವನಿಗೆ ಇರುತ್ತದೆ. ಈ ಮರಳಿ ಬರುವಿಕೆಯೇ ಉತ್ಸಾಹಕ್ಕೆ ಕಡಿವಾಣ. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಗೆಳೆಯರೊಡನೆ ಆರಂಭಿಸಿದಾಗ ಹಿಡಿದದ್ದೂ ಇದೇ ಮಾರ್ಗವನ್ನು. ಇನ್ನೂ ಅಚ್ಚಾಗದ, ಕೆಲವೊಮ್ಮೆ ಬರೆದೂ ಮುಗಿಯದ ಪುಸ್ತಕಗಳಿಗಾಗಿ ಮನೆಮನೆಗೆ ಹೋಗಿ ಚಂದಾದಾರರನ್ನು ಮಾಡಿಕೊಳ್ಳುವುದೆಂದರೆ, ಪುಸ್ತಕವನ್ನಲ್ಲ, ತನ್ನ ಅಭಿರುಚಿಯನ್ನೇ ಒತ್ತೆಯಿಟ್ಟಂತೆ. ಒಂದು ವರುಷ ಕಳಪೆಯನ್ನು ಕೊಟ್ಟರೆ ಮುಂದಿನ ವರುಷ ಚಂದಾ ಬಾರದು. ಸುಭಾಸ ರಸ್ತೆಯಲ್ಲಿರುವ ಗ್ರಂಥಮಾಲೆಯ ಆ ಅಟ್ಟವನ್ನು ನೀನು ಹತ್ತಿದ್ದೀಯಲ್ಲವೆ?

ಕಿರಿಯ: ಹತ್ತಿದ್ದೇನೆ. ಆ ಅಟ್ಟದಲ್ಲಿ ಕುಳಿತೇ ವಿಮರ್ಶಕ ಕುರ್ತಕೋಟಿಯವರು ಹಸ್ತಪ್ರತಿಗಳನ್ನು ಓದಿ ಸಲಹೆ ಕೊಡುತ್ತಿದ್ದರೆಂದು ಕೇಳಿದ್ದೇನೆ. ಗಿರೀಶ ಕಾರ್ನಾಡರ ನಾಟಕಗಳೂ ಅಲ್ಲಿಂದಲೇ ಹೊರಬಂದುವು.

ಹಿರಿಯರು: ಹೌದು. ಜಡಭರತನೆಂಬ ಹೆಸರಿನಲ್ಲಿ ಜೋಶಿಯವರು ತಾವೂ ನಾಟಕಗಳನ್ನು ಬರೆದರು, ಆದರೆ ಇತರರಿಂದ ಬರೆಯಿಸುವುದಕ್ಕೆ, ಬರೆದದ್ದನ್ನು ಓದುಗರ ಮನೆಗೆ ಮುಟ್ಟಿಸುವುದಕ್ಕೆ ಅವರು ತೆತ್ತ ಆಯುಷ್ಯವೇ ಹೆಚ್ಚಿನದು. ಬೆಳೆಸಿ ಹೇಳಲಾರೆ, ಅವರನ್ನು ಹತ್ತಿರದಿಂದ ಬಲ್ಲವರು ಹೇಳಿದ್ದಾರೆ. ಆದರೆ ತನ್ನದನ್ನೇ ತಾನು ಸಾರುವುದು ಅಶುದ್ಧವೆಂಬ ನಿನ್ನ ಮೊದಲಿನ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. ಅದಕ್ಕೊಂದು ಹಳೆಯ ಉದಾಹರಣೆಯನ್ನು ಕೊಡುತ್ತೇನೆ. ಲಕ್ಕುಂಡಿಗೆ ಹೋಗಿದ್ದೀಯಷ್ಟೆ?

ಕಿರಿಯ: ಗದಗಿಗೆ ಹೋದಾಗಲೆಲ್ಲ ಹೋಗುತ್ತೇನೆ. ತಾವು ಅತ್ತಿಮಬ್ಬೆಯ ಮಾತಿಗೆ ಬರುತ್ತಿದ್ದೀರೆಂದು ತೋರುತ್ತದೆ.

ಹಿರಿಯರು: ಬರದೆ ಇರಲಾದೀತೆ? ಆಕೆ ಕಟ್ಟಿಸಿದ ಜಿನಾಲಯ ಅಲ್ಲಿ ಇನ್ನೂ ನಿಂತಿದೆ, 1007ರ ಶಾಸನವೂ ಇದೆ. ಎಲ್ಲರೂ ಆಕೆಯನ್ನು ದಾನಚಿಂತಾಮಣಿಯೆಂದು ಕೊಂಡಾಡುತ್ತಾರೆ, ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದಳೆಂದು ಹೇಳುತ್ತಾರೆ. ನನ್ನನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಆಕೆ ಬರೆಯಿಸಿ ಹಂಚಿದಳು. ಸಾವಿರವೆಂದರೆ ಇಂದಿನ ಅಚ್ಚುಕೂಟದಲ್ಲಿ ಒಂದು ಹೊತ್ತಿನ ಕೆಲಸ. ಅಂದು ತಾಳೆಯ ಗರಿಯನ್ನು ಕುದಿಸಿ, ಒಣಗಿಸಿ, ನಯಮಾಡಿ, ಅಳತೆಗೆ ಕತ್ತರಿಸಿ, ತೂತು ಕೊರೆದು, ಕಬ್ಬಿಣದ ಲೇಖನಿಯಿಂದ ಒಂದೊಂದು ಅಕ್ಷರವನ್ನೂ ಗರಿ ಸೀಳದಂತೆ ಗೀರಿ, ಮೇಲೆ ಮಸಿಯನ್ನು ತಿಕ್ಕಿ ಒರೆಸಿ, ಗೀರಿನಲ್ಲಿ ನಿಂತ ಕಪ್ಪಿನಿಂದ ಅಕ್ಷರಗಳು ಮೂಡುವಂತೆ ಮಾಡಿ, ಎಲ್ಲವನ್ನೂ ದಾರಕ್ಕೆ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯನ್ನಿಟ್ಟು ಕಟ್ಟಿದರೆ ಒಂದು ಪ್ರತಿ ಆಗುತ್ತಿತ್ತು. ಹೀಗೆ ಸಾವಿರ ಸಲ. ಎಷ್ಟು ಜನ ಲಿಪಿಕಾರರು ಬೇಕಾದರೋ, ಅವರಿಗೆ ಎಷ್ಟು ಕಾಲದ ಅನ್ನ ಬೇಕಾಯಿತೋ, ನೀನೇ ಊಹಿಸಿಕೋ. ಇನ್ನು ಆ ಕಾವ್ಯ ಯಾರದ್ದು ಗೊತ್ತೆ? ಪೊನ್ನನಿಂದ ಅದನ್ನು ಬರೆಯಿಸಿದವರು ಮಲ್ಲಪ ಮತ್ತು ಪುನ್ನಮಯ್ಯರೆಂಬ ಸೋದರರು. ಮಲ್ಲಪನು ಅತ್ತಿಮಬ್ಬೆಯ ತಂದೆ.

ಕಿರಿಯ: ಹಾಗಾದರೆ ಅದೂ ಮನೆಯ ಪುಸ್ತಕವೇ ಆಯಿತು!

ಹಿರಿಯರು: ಮನೆಯ ಪುಸ್ತಕವೇ. ಮನೆಯ ಪುಸ್ತಕವನ್ನು ಮನೆಯ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತ ಕೂಡಬಹುದಾಗಿತ್ತು. ತಂದೆಯ ಕೀರ್ತಿಗೆ ಅಷ್ಟು ಸಾಕಾಗಿತ್ತು. ಆದರೆ ಆಕೆ ಅದನ್ನು ತನ್ನದಲ್ಲದಂತೆ ಮಾಡಿ ಬಿಟ್ಟುಕೊಟ್ಟಳು. ತನ್ನದನ್ನು ಸಾರುವವನು ಸ್ವಾರ್ಥಿಯೋ ಅಲ್ಲವೋ ಎಂಬುದನ್ನು ನಾನು ಹೀಗೆ ಅಳೆಯುತ್ತೇನಪ್ಪ: ಸಾರಿದ ಮೇಲೆ ಆ ವಸ್ತು ಅವನ ಹಿಡಿತದಲ್ಲಿಯೇ ಉಳಿಯಿತೆ, ಅಥವಾ ಪಡೆದವರದ್ದಾಯಿತೆ? ನಮ್ಮ ಓಣಿಯ ಪಡಸಾಲೆಯಲ್ಲಿ ಗಳಗನಾಥರ ಕಾದಂಬರಿಯನ್ನು ಕೇಳಿದವರಲ್ಲಿ ಎಷ್ಟೋ ಮಂದಿಗೆ ಬರೆದವರ ಹೆಸರೇ ಗೊತ್ತಿರಲಿಲ್ಲ. ಕಥೆ ಓಣಿಯದ್ದಾಗಿತ್ತು.

ಕಿರಿಯ: ಕೇಳುತ್ತ ಕೇಳುತ್ತ ನನಗೆ ಗಮಕಿಗಳ ನೆನಪಾಗುತ್ತಿದೆ. ನಮ್ಮ ಹಳೆಯ ಕಾವ್ಯಗಳು ಕವಿ, ಗಮಕಿ, ವಾದಿ, ವಾಗ್ಮಿ ಎಂದು ನಾಲ್ವರನ್ನು ಒಟ್ಟಿಗೆ ಹೆಸರಿಸುತ್ತವೆ. ಕವಿಯ ಮಗ್ಗುಲಲ್ಲಿಯೇ ಅವನ ಕಾವ್ಯವನ್ನು ಓದಿ ಹೇಳುವವನಿಗೆ ಪೀಠ. ಕುಮಾರವ್ಯಾಸನಿಂದ ಗಮಕಿಗೆ ಸಲ್ಲತಕ್ಕ ಸಂಭಾವನೆ ಏನೂ ಇಲ್ಲ, ಕವಿಯು ತೀರಿಕೊಂಡು ಶತಮಾನಗಳಾದುವು. ಭಾರತ ಬಿಂದೂರಾಯರೋ ಜೋಳದರಾಶಿ ದೊಡ್ಡನಗೌಡರೋ ಭಾಮಿನಿ ಷಟ್ಪದಿಯನ್ನು ರಾಗವಾಗಿ ಎತ್ತಿಕೊಂಡಾಗ, ಪುಸ್ತಕ ತೆರೆದರೆ ಅರ್ಥವಾಗದೆ ಮುಚ್ಚಿಡುತ್ತಿದ್ದವರೂ ತಲೆದೂಗುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನಾನು ಮೊದಲು ಕೇಳಿದ ಹೆಸರಿನ ಪ್ರಶ್ನೆಗೆ ಅದೂ ಒಂದು ಉತ್ತರವಾಗಬಹುದು.

ಹಿರಿಯರು: ಆಗಬಹುದು, ಒಳ್ಳೆಯ ಉತ್ತರವೇ. ಗಮಕಿಯು ಕಾವ್ಯವನ್ನು ಹೊಗಳುವುದಿಲ್ಲವೆಂಬುದನ್ನು ಗಮನಿಸಿದೆಯಾ? ಇದು ಶ್ರೇಷ್ಠ, ಇದು ಅಮೋಘ ಎಂದು ಅವನು ಹೇಳುವುದೇ ಇಲ್ಲ. ಪದವನ್ನು ಎಲ್ಲಿ ಬಿಡಿಸಬೇಕೋ ಅಲ್ಲಿ ಬಿಡಿಸಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ದ್ರೌಪದಿಯ ಮಾತಿಗೆ ಒಂದು ರಾಗ, ಭೀಮನ ಮಾತಿಗೆ ಒಂದು ರಾಗ ಹಿಡಿದು, ಕೇಳುವವನ ಎದೆಗೆ ಕಾವ್ಯವನ್ನೇ ನೇರವಾಗಿ ತಂದು ಮುಟ್ಟಿಸುತ್ತಾನೆ. ಮೆಚ್ಚಿಸುವುದಕ್ಕೆ ಗುಣವರ್ಣನೆಗಿಂತ ರುಚಿ ತೋರಿಸುವುದೇ ಮೇಲೆಂಬುದನ್ನು ಬಲ್ಲವರಲ್ಲಿ ಅವನೇ ಅಗ್ರಗಣ್ಯ. ಗಾಯಕ ಕಾಳಿಂಗರಾಯರು ಹೊಸಗನ್ನಡದ ಕವಿತೆಗಳಿಗೆ ಮಾಡಿದ್ದೂ ಅದನ್ನೇ. ಪುಸ್ತಕ ಕೊಳ್ಳದವರ ಬಾಯಲ್ಲಿಯೂ ಕವಿತೆ ನಿಲ್ಲುವಂತೆ ಹಾಡಿದರು.

ಕಿರಿಯ: ಹಾಡುಗಾರರ ಮಾತು ಬಂದಾಗ ರಾಜರತ್ನಂ ಅವರ ವಿಷಯಕ್ಕೆ ಮರಳಬೇಕು. ತಾವು ಅವರ ಹೆಸರನ್ನು ಹೇಳಿ ಅಲ್ಲಿಗೇ ಬಿಟ್ಟಿರಿ. ಅವರ ವಿಷಯದಲ್ಲಿ ನನಗೊಂದು ಕೊರಗು ಇದೆ. ‘ರತ್ನನ ಪದಗಳು’ ಬರೆದ ಕೈ ಅದು. ಮಕ್ಕಳಿಗಾಗಿ ಅವರು ಬರೆದ ಪದ್ಯಗಳನ್ನು ಬಾಯಿಪಾಠ ಮಾಡದ ಕನ್ನಡದ ಮಗುವಿಲ್ಲ. ಅಂಥ ಪ್ರತಿಭೆಯು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮಾರುವುದರಲ್ಲಿ, ಹುಡುಗರ ಬರಹಗಳನ್ನು ತಿದ್ದಿ ಅಚ್ಚು ಹಾಕಿಸುವುದರಲ್ಲಿ, ಕಾಲೇಜಿನ ಕರ್ಣಾಟಕ ಸಂಘದ ಲೆಕ್ಕಪತ್ರಗಳಲ್ಲಿ ಸವೆದುಹೋಯಿತಲ್ಲ! ಆ ಗಂಟೆಗಳನ್ನೆಲ್ಲ ತಮ್ಮ ಕಾವ್ಯಕ್ಕೆ ಇಟ್ಟುಕೊಂಡಿದ್ದರೆ ನಮಗೆ ಇನ್ನೇನೇನು ದೊರೆಯುತ್ತಿತ್ತೋ.

ಹಿರಿಯರು: ಈ ಮಾತನ್ನು ಅನೇಕರು ಆಡುತ್ತಾರೆ, ಪ್ರೀತಿಯಿಂದಲೇ ಆಡುತ್ತಾರೆ, ಆದರೆ ನನಗೆ ಅದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಸವೆದುಹೋಯಿತೆನ್ನುವಾಗ ಪ್ರತಿಭೆಯೆಂಬುದನ್ನು ಒಬ್ಬನ ಪೆಟ್ಟಿಗೆಯ ನಾಣ್ಯವೆಂದು ಎಣಿಸುತ್ತೇವೆ. ಕುಡುಕ ರತ್ನನ ಬಾಯಲ್ಲಿ, ಯಾವ ವ್ಯಾಕರಣಕ್ಕೂ ಬಗ್ಗದ ಆಡುಮಾತಿನಲ್ಲಿ, ಹೆಂಡತಿಯ ಮೇಲಣ ಅಕ್ಕರೆಯನ್ನೂ ಕನ್ನಡದ ಮೇಲಣ ಮೋಹವನ್ನೂ ಹೇಳಿಸಬೇಕೆಂದು ಒಬ್ಬ ಪಂಡಿತನಿಗೆ, ಪಾಲಿ ಪ್ರಾಕೃತಗಳಲ್ಲಿ ಪರಿಶ್ರಮವಿದ್ದು ಬೌದ್ಧ ಜೈನ ಸಾಹಿತ್ಯವನ್ನು ಕನ್ನಡಕ್ಕೆ ತಂದವನಿಗೆ, ಹೇಗೆ ತೋರಿತು? ಕೇಳುವ ಕಿವಿ ಯಾವುದೆಂದು ಅವನಿಗೆ ಗೊತ್ತಿದ್ದುದರಿಂದ ತೋರಿತು. ಪುಸ್ತಕವನ್ನು ಕೈಯಲ್ಲಿ ಹಿಡಿದು ಎದುರಿಗೆ ನಿಂತವನ ಮುಖ ಹೇಗೆ ಅರಳುತ್ತದೆ, ಎಲ್ಲಿ ಬಾಡುತ್ತದೆ ಎಂಬುದನ್ನು ಕಂಡವನಿಗೆ ಮಾತ್ರ ಆ ಸಲಿಗೆಯ ಭಾಷೆ ದೊರೆಯುತ್ತದೆ. ಅವರ ಪರಿಚಾರಿಕೆಯನ್ನು ಕಳೆದರೆ ಅವರ ಕಾವ್ಯವೂ ಉಳಿಯುವುದೆಂಬ ಭರವಸೆ ನನಗಿಲ್ಲ.

ಕಿರಿಯ: ಅವರ ಕಾವ್ಯದ ಮಟ್ಟಿಗೆ ಒಪ್ಪಿದೆ. ಆದರೆ ಅವರು ಅಚ್ಚು ಹಾಕಿಸಿದ ವಿದ್ಯಾರ್ಥಿಗಳ ಬರಹವೆಂದರೆ ಬಹುಪಾಲು ಕಚ್ಚಾ ಸರಕೇ ಅಲ್ಲವೆ?

ಹಿರಿಯರು: ಬಹುಪಾಲು ಕಚ್ಚಾ ಸರಕೇ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಹದಿನೆಂಟರ ಹುಡುಗನೊಬ್ಬನು ತನ್ನ ಹೆಸರನ್ನು ಮೊದಲ ಬಾರಿ ಅಚ್ಚಿನಲ್ಲಿ ಕಂಡಾಗ ಅವನಿಗೆ ಕನ್ನಡದೊಡನೆ ಒಂದು ಋಣ ಬೆಳೆಯುತ್ತದೆ. ಅವರೆಲ್ಲ ಕವಿಗಳಾಗಲಿಲ್ಲ, ಇಂಜಿನಿಯರುಗಳಾದರು, ಗುಮಾಸ್ತರಾದರು, ವಕೀಲರಾದರು, ಆದರೆ ಮನೆಯಲ್ಲಿ ಕನ್ನಡ ಪುಸ್ತಕವಿಟ್ಟುಕೊಂಡವರಾದರು. ಕೆಲವರು ಕವಿಗಳೂ ಆದರು: ನಿಸಾರ್ ಅಹಮದರು ಸೆಂಟ್ರಲ್ ಕಾಲೇಜಿನಲ್ಲಿ ಅವರ ಶಿಷ್ಯರು. 1978ರಲ್ಲಿ ದೆಹಲಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ರಾಜರತ್ನಂ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಕವಿಗೂ ಪಂಡಿತನಿಗೂ ಆ ಪೀಠ ಸಲ್ಲುವುದು ವಾಡಿಕೆ. ಪುಸ್ತಕದ ಚೀಲ ಹೊತ್ತ ಭುಜಕ್ಕೂ ಸಂದಿತೆಂದು ನಾನು ತಿಳಿದುಕೊಂಡೆ. ಮರುವರುಷವೇ ಅವರು ಹೋಗಿಬಿಟ್ಟರು.

ಕಿರಿಯ: ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಗಳಗನಾಥರ ಕೃತಿಗಳ ಪಟ್ಟಿ ಇರುತ್ತದೆ, ಅವರು ನಡೆದ ದಾರಿಯ ಮಾತು ಒಂದು ವಾಕ್ಯದಲ್ಲಿ ಮುಗಿಯುತ್ತದೆ. ಯಾವ ಊರುಗಳಿಗೆ ಹೋದರು, ಯಾರ ಮನೆಯಲ್ಲಿ ಉಂಡರು, ಯಾವ ಜಾತ್ರೆಯಲ್ಲಿ ಎಷ್ಟು ಪ್ರತಿ ಹೋದುವು ಎಂಬುದನ್ನು ಬರೆದಿಟ್ಟವರಿಲ್ಲ.

ಹಿರಿಯರು: ಅದು ನಮ್ಮ ಚರಿತ್ರಕಾರರ ಲೋಪ, ಅದನ್ನು ನಾನು ಲೋಪವೆಂದೇ ಹೇಳುತ್ತೇನೆ. ಗ್ರಂಥಗಳ ಚರಿತ್ರೆಯನ್ನು ಬರೆದೆವು, ಗ್ರಂಥಗಳು ಸಾಗಿದ ದಾರಿಯ ಚರಿತ್ರೆಯನ್ನು ಬರೆಯಲಿಲ್ಲ. ಹಳೆಯ ಮನೆಗಳ ಮಾಡಗಳಲ್ಲಿ, ಪುಸ್ತಕಗಳ ಒಳರಟ್ಟಿನ ಮೇಲೆ, ಕೊಂಡವರ ಹೆಸರು ಊರು ತಾರೀಖುಗಳು ಇನ್ನೂ ಅಲ್ಲಲ್ಲಿ ಇವೆ. ಯಾರಾದರೂ ಅವನ್ನು ಕೂಡಿಸಿದರೆ ಒಂದು ನಕ್ಷೆಯೇ ಆದೀತು. ಅಂದಹಾಗೆ, ನೀನು ಜಾತ್ರೆಯಲ್ಲಿ ಮಳಿಗೆ ಹಾಕುವ ವಿಚಾರ ಹೇಳಿದ್ದೆಯಲ್ಲ, ಅದು ಏನಾಯಿತು?

ಕಿರಿಯ: ಬರುವ ತಿಂಗಳು ಹಾಕುತ್ತೇನೆ. ಎರಡು ಮೇಜು, ಮೇಲೊಂದು ತಾಡಪತ್ರಿ, ಅಷ್ಟೆ. ಅಡುಗೆಯ ಪುಸ್ತಕ, ಪಂಚಾಂಗ, ಮಕ್ಕಳ ಕಥೆ ಇವು ಹೇಗೂ ಹೋಗುತ್ತವೆ. ಅವುಗಳ ನಡುವೆ ‘ಮಾಧವ ಕರುಣಾವಿಲಾಸ’ದ ಕೆಲವು ಪ್ರತಿಗಳನ್ನೂ ಇಡಲೇ ಎಂದು ಈಗ ತಮ್ಮ ಮಾತು ಕೇಳಿದ ಮೇಲೆ ಅನಿಸುತ್ತಿದೆ. ಆದರೆ ಅದರ ಶೈಲಿ ಇಂದಿನವರಿಗೆ ಭಾರವಾದೀತೆಂಬ ಅಳುಕೂ ಇದೆ. ವಾಕ್ಯಗಳು ಉದ್ದ, ಸಂಸ್ಕೃತ ಹೆಚ್ಚು.

ಹಿರಿಯರು: ನೀನು ಅದನ್ನು ಪೂರ್ತಿ ಓದಿದ್ದೀಯಾ?

ಕಿರಿಯ: ಪಾಠದಲ್ಲಿ ಬಂದ ಭಾಗವನ್ನಷ್ಟೆ ಓದಿದ್ದೇನೆ.

ಹಿರಿಯರು: ಹಾಗಾದರೆ ಈಗಲೇ ಇಡಬೇಡ. ಓದದ್ದನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕೆ ನಿನಗೆ ಬಾಯಿ ಬಾರದು, ಬಂದರೂ ಆ ಮಾತಿಗೆ ತೂಕ ಬಾರದು. ನಮ್ಮ ಮನೆಯ ಪ್ರತಿಯನ್ನು ಒಯ್ಯಿ. ಎಲ್ಲಿ ಬೇಸರ ಬರುತ್ತದೋ ಅಲ್ಲಿ ಬೇಸರ ಬಂತೆಂದೇ ಗುರುತು ಮಾಡು, ನಾನು ತಪ್ಪು ತಿಳಿಯುವುದಿಲ್ಲ. ಮುಗಿಸಿದ ಮೇಲೆ ನಿನಗೆ ಒಬ್ಬ ಗಿರಾಕಿಯ ಮುಖವಾದರೂ ನೆನಪಿಗೆ ಬಂದು, ಇದು ಇವರಿಗೆ ಸಲ್ಲುತ್ತದೆಂದು ಅನಿಸಿದರೆ, ಆ ಒಬ್ಬರಿಗಾಗಿ ಒಂದು ಪ್ರತಿಯನ್ನು ತರಿಸು.

ಕಿರಿಯ: ಓದುತ್ತ ಹೋದಂತೆ ಮುಖವೇನೋ ನೆನಪಾದೀತು. ಬ್ಯಾಡಗಿಯಿಂದ ಬರುವ ಒಬ್ಬ ತಾಯಿ ಇದ್ದಾರೆ. ವಿಜಯನಗರದ ಕಥೆ ಯಾವುದು ಬಂದರೂ ಬಿಡುವುದಿಲ್ಲ. ಅವರಿಗೆ ಕಣ್ಣು ಮಂಜಾಗಿದೆ, ಮೊಮ್ಮಗಳು ಓದಿ ಹೇಳುತ್ತಾಳೆ.

ಹಿರಿಯರು: ಓದಿ ಹೇಳುವವಳಿದ್ದಾಳೆಂದರೆ ಉದ್ದ ವಾಕ್ಯದ ಭಯ ಬೇಡ, ಬಾಯಲ್ಲಿ ಬಂದಾಗ ಅದು ತಾನಾಗಿ ಬಿಡಿಸಿಕೊಳ್ಳುತ್ತದೆ. ಪುಸ್ತಕ ಒಳಗಿನ ಕೋಣೆಯಲ್ಲಿದೆ, ತಂದುಕೊಡುತ್ತೇನೆ ಇರು. ಹೊಲಿಗೆ ಸಡಿಲಾಗಿದೆ, ಚೀಲದಲ್ಲಿ ಮಡಚಿ ತುರುಕಬೇಡ.